ಕಾನಡಿ ಕಳಾ, ಮರಾಠಿ ಕಳಾ

ಬಸುರಿ ಹೆಂಗಸಿಗೆ ಊರೆಲ್ಲ ಡಾಕ್ಟರು. ನಾನು ಮೊದಲ ಸಲ ಬಸುರಾದಾಗ ನಿಲಂಗಾದ ಬಸ್‌ಸ್ಟ್ಯಾಂಡಿನಲ್ಲಿ, ಗುರುತು ಪರಿಚಯವೇ ಇಲ್ಲದ ಹೆಂಗಸೊಬ್ಬಳು ನನ್ನ ಹೊಟ್ಟೆಯ ಮೇಲೆ ಕಣ್ಣಿಟ್ಟು, "ಪಪ್ಪಾಯಿ ತಿಂದೀ ಗಿಂದೀ, ಹುಷಾರ!" ಎಂದು ಬೆದರಿಸಿ ತನ್ನ ಬಸ್ಸು ಹತ್ತಿ ಹೋಗಿಬಿಟ್ಟಳು. ಎದುರುಮನೆಯವರು ಎಡಮಗ್ಗುಲಿಗೆ ಮಲಗು ಎಂದರೆ ಪಕ್ಕದ ಮನೆಯವರು ಬಲಮಗ್ಗುಲಿಗೆ ಮಲಗು ಎಂದರು. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಬಸುರಾದ ಮೇಲೆ ಅದು ಮೂಗು ದಾಟಿ ಮುಖವೆಲ್ಲ ಹರಡಿತ್ತು.

ಇಷ್ಟು ಜನ ಡಾಕ್ಟರುಗಳ ನಡುವೆ ನಿಜವಾಗಿ ಕೆಲಸ ಬಲ್ಲವರು ಒಬ್ಬರೇ ಇದ್ದರು. ಅವರು ಪಕ್ಕದ ಊರಿನ ಆರೋಗ್ಯ ಕೇಂದ್ರದಲ್ಲಿ ಹೆರಿಗೆ ಮಾಡಿಸುವ ನರ್ಸಬಾಯಿ. ಸಾತಾರದ ಕಡೆಯಿಂದ ವರ್ಗವಾಗಿ ಬಂದವರು, ಕನ್ನಡದ ಒಂದಕ್ಷರವೂ ಬಾರದು. ನಾನು ಗದಗಿನ ಕಡೆಯವಳು. ಗಡಿಯಾಚೆ ನಿಲಂಗಾದ ಹತ್ತಿರದ ಹಳ್ಳಿಯ ಈ ಜಂಗಮರ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ನನ್ನ ಮರಾಠಿಯೋ ಸಂತೆಯ ಮರಾಠಿ: ಹೇಗೆ ಕಿಲೋ, ತುಟ್ಟಿಯಾಯಿತು, ಉದಗೀರದ ಬಸ್ಸು ಯಾವಾಗ. ಇಷ್ಟರಲ್ಲಿ ಬಸುರಿನ ಮಾತು ಹೇಗೆ ಆಡುವುದು? ಅದಕ್ಕೇ ತಪಾಸಣೆಗೆ ಹೋದಾಗಲೆಲ್ಲ ಅತ್ತೆ ಜೊತೆಗೆ ಬಂದು ಕನ್ನಡದಲ್ಲಿ ತಿಳಿಸಿ ಹೇಳುತ್ತಿದ್ದರು.

ನರ್ಸಬಾಯಿ ಹೊಟ್ಟೆಗೆ ಟೇಪು ಹಿಡಿದು ಅಳೆಯುತ್ತಿದ್ದರು. ರಕ್ತದ ಒತ್ತಡ ನೋಡುತ್ತಿದ್ದರು. ಸಣ್ಣದೊಂದು ಯಂತ್ರವನ್ನು ಹೊಟ್ಟೆಯ ಮೇಲಿಟ್ಟು ಕೂಸಿನ ಎದೆಬಡಿತ ಕೇಳಿಸುತ್ತಿದ್ದರು. ಆಮೇಲೆ ನನ್ನ ಕೈ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು, ಹತ್ತು ನಿಮಿಷ ಬಿಡದೆ ಮಾತಾಡುತ್ತಿದ್ದರು. ಏನು ಉಣ್ಣಬೇಕು, ಕೂಸಿನ ಮಿಸುಕಾಟ ಹೇಗೆ ಎಣಿಸಬೇಕು, ತಲೆ ಸಿಡಿದರೆ, ಕಣ್ಣು ಮಂಜಾದರೆ, ನೀರು ಒಡೆದರೆ ಏನು ಮಾಡಬೇಕು, ಹೆರುವಾಗ ಅಂಗಾತ ಮಲಗಿಯೇ ಇರಬೇಕಿಲ್ಲ, ಓಡಾಡಬಹುದು, ಕೂರಬಹುದು, ಜೊತೆಗೆ ನಮ್ಮವಳೊಬ್ಬಳು ಒಳಗೆ ಇರಬಹುದು. ಇದೆಲ್ಲ ಅವರು ಹೇಳಿದ್ದರೆಂದು ನನಗೆ ಗೊತ್ತಾದದ್ದು ಎಷ್ಟೋ ದಿನಗಳ ಮೇಲೆ. ಆಗ ಅತ್ತೆ ಆ ಹತ್ತು ನಿಮಿಷದ ಮಾತನ್ನು ಕೇಳಿ, ಗಂಭೀರವಾಗಿ ತಲೆಯಾಡಿಸಿ, ನನ್ನ ಕಡೆ ತಿರುಗಿ ಹೇಳಿದ್ದು ಇಷ್ಟೇ:

"ಛಂದಾಗಿ ಉಣ್ಣು ಅಂತಾರ."

"ಅಷ್ಟೇ ಏನ್ರೀ ಅತ್ತಿ? ಅಷ್ಟೊತ್ತು ಮಾತಾಡಿದ್ರಲ್ಲ?"

"ಬ್ಯಾನಿ ಬಂದ್ರ ಫೋನ್ ಮಾಡು ಅಂತನೂ ಅಂದಾರ. ನಡಿ, ಬಸ್ಸಿನ ಹೊತ್ತಾಯ್ತು."

ನೋವಿಗೆ ಅತ್ತೆ ಬಳಸಿದ ಮಾತು ಬ್ಯಾನಿ. ನರ್ಸಬಾಯಿ ಬಳಸಿದ್ದು ಬೇರೆಯೇ ಮಾತು. ನನ್ನ ಇಡೀ ಕಥೆ ನಿಂತಿರುವುದು ಆ ಮಾತಿನ ಮೇಲೆ, ಆದ್ದರಿಂದ ಇಲ್ಲಿಯೇ ಹೇಳಿಬಿಡುತ್ತೇನೆ. ಮರಾಠಿಯಲ್ಲಿ ಹೆರಿಗೆ ಬ್ಯಾನಿಗೆ ‘ಕಳಾ’ ಎನ್ನುತ್ತಾರೆ. ನಮ್ಮ ಕಡೆ ಕಳಾ ಎಂದರೆ ಮುಖದ ಮೇಲಿನ ಕಾಂತಿ. ಹುಡುಗಿಯ ಮುಖಕ್ಕೆ ಕಳಾ ಬಂತು ಎಂದರೆ ಅವಳು ಚೆಲುವಾಗಿ ಕಾಣುತ್ತಿದ್ದಾಳೆ ಎಂದರ್ಥ. ಇಷ್ಟು ನನಗಾಗಲಿ ನಮ್ಮವ್ವನಿಗಾಗಲಿ ಆಗ ಗೊತ್ತಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಮೊದಲ ಬಾಣಂತನ ತವರಿನಲ್ಲಿ ಎಂಬುದು ನಮ್ಮಲ್ಲಿ ಯಾರೂ ಮುರಿಯದ ಪದ್ಧತಿ. ಆದರೆ ನನಗೆ ರಕ್ತ ಕಡಿಮೆಯಿತ್ತು. ಗದಗಿನ ತನಕ ಇಡೀ ದಿನ ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋಗಬೇಡಿ ಎಂದು ನರ್ಸಬಾಯಿ ಕಡ್ಡಿ ಮುರಿದ ಹಾಗೆ ಹೇಳಿದರು. ಮಗಳು ತವರಿಗೆ ಬರದಿದ್ದರೆ ತವರೇ ಮಗಳಲ್ಲಿಗೆ ಬಂದರಾಯಿತು ಎಂದು ಅವ್ವ ಬಂದಿಳಿದಳು. ಅಂಟು, ಉತ್ತತ್ತಿ, ಒಣಕೊಬ್ಬರಿ, ಅಳವಿ, ಕೂಸಿಗೆ ಹೊಲಿದ ನಾಲ್ಕು ಕುಲಾವಿ, ತಾನು ಕೂರುವ ಮಣೆ. ಮಣೆ ಯಾಕವ್ವಾ ಅಂದರೆ, "ಬೀಗರ ಮನಿ ಮಣಿ ಹೆಂಗಿರತಾವೋ ಏನೋ" ಎಂದಳು.

ಅವ್ವ ಅಷ್ಟು ದೂರ ಬಂದದ್ದು ಪದ್ಧತಿಗಾಗಿ ಮಾತ್ರ ಅಲ್ಲ. ನನಗಿಂತ ಮೊದಲು ಅವಳಿಗೊಂದು ಗಂಡು ಕೂಸು ಹುಟ್ಟಿ, ಹುಟ್ಟುತ್ತಲೇ ಹೋಗಿತ್ತು. ಅವಳ ತವರಿನಲ್ಲಿ ತಾಯಿ ಇರಲಿಲ್ಲ, ಹೀಗಾಗಿ ಹೆರಿಗೆ ಗಂಡನ ಮನೆಯಲ್ಲೇ ಆಯಿತು. ಆ ದಿನದ ಮಾತನ್ನು ಅವ್ವ ನನಗೆ ಹೇಳಿದ್ದು ನನ್ನ ಒಂಬತ್ತನೆಯ ತಿಂಗಳಲ್ಲಿ, ನನ್ನ ತಲೆಗೆ ಎಣ್ಣೆ ತಿಕ್ಕುತ್ತಾ.

"ನಸಿಕಿನ್ಯಾಗ ಬ್ಯಾನಿ ಸುರು ಆದ್ವು. ಮನಿ ತುಂಬ ಮಂದಿ. ಹೊಸ ಸೊಸಿ, ಹೆಂಗ ಬಾಯಿ ಬಿಡ್ಲಿ? ರೊಟ್ಟಿ ಬಡದೆ, ನೀರ ತಂದೆ, ಎಲ್ಲಾರಿಗೂ ನೀಡಿದೆ. ಯಾರರ ಒಬ್ರು ನನ್ನ ಮಾರಿ ನೋಡಿದ್ರ ತಿಳೀತಿತ್ತು. ಯಾರೂ ನೋಡಲಿಲ್ಲ."

ಅಷ್ಟು ಹೇಳಿ ಮತ್ತೆ ಎಣ್ಣೆ ತಿಕ್ಕತೊಡಗಿದಳು. ಈ ಕೂಸು ಹಾಗೆ ಹೋಗಬಾರದು, ಅದಕ್ಕೇ ಅವ್ವ ಬಂದಿದ್ದಾಳೆ ಎಂದು ಅವತ್ತು ಗೊತ್ತಾಯಿತು. ಮುಂಜಾನೆ ಎದ್ದ ಕೂಡಲೇ ಅವಳು ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ಮುಖ ನೋಡುತ್ತಿದ್ದಳು, ಮಧ್ಯಾಹ್ನ ನೋಡುತ್ತಿದ್ದಳು, ಸಂಜೆ ದೀಪ ಹಚ್ಚಿದಾಗ ನೋಡುತ್ತಿದ್ದಳು. ಮುಖದ ಮೇಲೆ ಕಳಾ ಇದ್ದರೆ ಎಲ್ಲ ಸರಿ. ಕಳಾ ಹೋದರೆ ಅಪಾಯ. ಅವಳ ಇಡೀ ವೈದ್ಯಶಾಸ್ತ್ರ ಇಷ್ಟೇ.

ಅವ್ವ ಬಂದ ವಾರದಲ್ಲಿ ಅಡಿಗೆಮನೆಯಲ್ಲಿ ಯುದ್ಧ ಶುರುವಾಯಿತು. ಬಾಣಂತಿಗೆ ಕೊಡುವ ಅಂಟಿನ ಉಂಡಿಯನ್ನು ಹೆರುವ ಮೊದಲೇ ಕಟ್ಟಿಡಬೇಕು ಎಂದು ಅವ್ವ, ಹೆತ್ತ ಮೇಲೆಯೇ ಕಟ್ಟಬೇಕು, ಮೊದಲೇ ಕಟ್ಟಿದರೆ ಅಪಶಕುನ ಎಂದು ಅತ್ತೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಯಿತು, ನಡುವೆ ನಾನು ಕೊಬ್ಬರಿ ತುರಿಯುತ್ತಿದ್ದೆ. ಕೊನೆಗೆ ಅತ್ತೆ, ಹದಿನೈದು ದಿನ ಮುಂದಿದ್ದ ತಮ್ಮನ ಮಗನ ಮದುವೆಗೆ ಈಗಲೇ ಕೈಹಚ್ಚಬೇಕು ಎಂಬ ನೆಪ ಹೇಳಿ ಸಾಸ್ತೂರಿನ ತವರಿಗೆ ಹೊರಟುಬಿಟ್ಟರು. ಹೋಗುವಾಗ, "ನಿಮ್ಮ ಮಗಳು, ನಿಮ್ಮ ಉಂಡಿ, ನಡಸ್ರೀ ಬೀಗತೇರ" ಎಂದು ಹೇಳಿಯೇ ಹೋದರು. ಎರಡೂ ಭಾಷೆ ಬಲ್ಲ ಹೆಂಗಸು ಮನೆಯಲ್ಲಿ ಒಬ್ಬರೇ ಇದ್ದರು, ಅವರೂ ಹೋದಂತಾಯಿತು.

ಉಳಿದವರಲ್ಲಿ ಎರಡೂ ಭಾಷೆ ಬಲ್ಲ ಗಂಡಸರು ಇಬ್ಬರು. ನನ್ನ ಗಂಡ ಉದಗೀರದ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ, ಮುಂಜಾನೆ ಬಸ್ಸು ಹತ್ತಿದರೆ ಮನೆ ಸೇರುವುದು ಸಂಜೆಗೆ. ಇನ್ನೊಬ್ಬರು ಮಾವ. ಸುತ್ತಲಿನ ಹಳ್ಳಿಗಳ ಭಕ್ತರ ಮನೆಗಳಿಗೆಲ್ಲ ಅವರೇ ಅಯ್ಯನವರು. ಮದುವೆ, ಮನೆಪ್ರವೇಶ, ಹುಟ್ಟಿದ ಕೂಸಿಗೆ ಲಿಂಗ ಕಟ್ಟುವುದು, ಎಲ್ಲ ಅವರ ಕೈಯಿಂದಲೇ. ನೂರಾರು ಕೂಸುಗಳಿಗೆ ಲಿಂಗ ಕಟ್ಟಿದ್ದರೂ ಆ ಕೂಸುಗಳು ಎಲ್ಲಿಂದ ಬಂದವು ಎಂಬ ವಿಷಯದಲ್ಲಿ ಬಾಯಿ ಬಿಟ್ಟವರಲ್ಲ. ಹೆರಿಗೆಗೆ ಅವರು ಅನ್ನುತ್ತಿದ್ದುದು ‘ಆ ಕಾರ್ಯ’. ಸಾಲದ್ದಕ್ಕೆ ಬೀಗರು ಬೀಗತಿ ಎದುರಾಬದುರಾ ನಿಂತು ಮಾತಾಡುವ ರೂಢಿ ಎರಡೂ ಮನೆಗಳಲ್ಲಿ ಇರಲಿಲ್ಲ. ಮಾವ ಪಡಸಾಲೆಯಲ್ಲಿ ಕೂತು ಗೋಡೆಗೆ ಹೇಳುವರು: "ಬೀಗತೇರಿಗಿ ಹೇಳವಾ, ಚಹಾ ಭಾಳ ಛಲೋ ಆಗ್ಯಾದ." ಅವ್ವ ಒಳಗಿನಿಂದ ಒಲೆಗೆ ಹೇಳುವಳು: "ಬೀಗರಿಗೆ ಹೇಳವಾ, ಇನ್ನೂ ಸ್ವಲ್ಪ ಐತಿ." ನಡುವೆ ನಾನು ತುಂಬುಹೊಟ್ಟೆ ಹೊತ್ತುಕೊಂಡು ಆಚೆ ಈಚೆ ಓಡಾಡುತ್ತಿದ್ದೆ.

ನನ್ನ ಫೋನನ್ನು ಅವ್ವ ಬಂದ ದಿನವೇ ಕಸಿದುಕೊಂಡಿದ್ದಳು. "ಇದರ ಕರೆಂಟ ಕೂಸಿನ ಕಿವಿಗೆ ಹತ್ತತೈತಿ" ಅಂತ. ತನ್ನ ಕಿವಿಗೂ ಹತ್ತಬಾರದೆಂದು ಅದನ್ನು ಗೂಡಿನಲ್ಲಿಟ್ಟು, ಸ್ಪೀಕರ್ ಹಚ್ಚಿ, ಎರಡು ಮಾರು ದೂರ ನಿಂತು ಕೂಗುತ್ತಿದ್ದಳು. ದಿನ ಹತ್ತಿರವಾದಂತೆ ನರ್ಸಬಾಯಿ ದಿನವೂ ಫೋನ್ ಮಾಡತೊಡಗಿದರು. ಅವರ ಪ್ರಶ್ನೆ ಒಂದೇ:

"ಆಯೀ, ಕಳಾ ಯೇತಾಯತ ಕಾ?"

ಅವರು ಕೇಳಿದ್ದು ಮಗಳಿಗೆ ಬ್ಯಾನಿ ಬರುತ್ತಿವೆಯೇ ಎಂದು. ಅವ್ವ ಮೊದಲು ಆ ‘ಆಯೀ’ಗೇ ಮುಖ ಕೆಡಿಸಿದಳು. ಮರಾಠಿಯಲ್ಲಿ ಅದು ತಾಯಿ, ನಮ್ಮಲ್ಲಿ ಮುದುಕಿ ಅಜ್ಜಿ. ಆದರೆ ಮುಂದಿನ ಮಾತಿನಿಂದ ಅರಳಿಬಿಟ್ಟಳು.

"ನೋಡವಾ, ಎಂಥಾ ಬಾಯಿ! ನಿನ್ನ ಮಾರಿ ಮ್ಯಾಲೆ ಕಳಾ ಬಂದೈತೇನು ಅಂತ ದಿನಾ ಕೇಳ್ತಾಳ. ಸಾಲಿ ಕಲತರೂ ನನ್ನಂಗ ತಿಳಿವಳಿಕಿ ಐತಿ ಆಕಿಗೆ."

ನಾನೂ ಹಾಗೇ ತಿಳಿದೆ. ತನ್ನ ಚೆಲುವನ್ನು ವಿಚಾರಿಸಿ ಸರ್ಕಾರದಿಂದಲೇ ದಿನವೂ ಫೋನ್ ಬಂದರೆ ಯಾವ ಹೆಂಗಸಿಗೆ ಬೇಸರ? ನಾಲ್ಕು ದಿನ ಅವ್ವ ನನ್ನ ಮುಖ ನೋಡಿ, ತನಗೆ ಬರುತ್ತಿದ್ದ ನಾಲ್ಕೈದು ಮರಾಠಿ ಶಬ್ದಗಳಲ್ಲಿ ಒಂದನ್ನು ಆರಿಸಿ, "ಥೋಡಾ, ಥೋಡಾ" ಅಂದಳು. ರಕ್ತ ಕಡಿಮೆ ಇದ್ದದ್ದರಿಂದ ಕಳಾ ಸ್ವಲ್ಪವೇ ಇತ್ತು. ನರ್ಸಬಾಯಿಗೂ ಅದು ಒಪ್ಪಿಗೆಯಾಯಿತು, ಮೊದಮೊದಲು ನೋವು ಸ್ವಲ್ಪವೇ ಅಲ್ಲವೇ.

ಐದನೆಯ ದಿನ ಅವ್ವ ನನಗೆ ಅರಿಷಿಣ ಕಡಲೆಹಿಟ್ಟು ಹಚ್ಚಿ ಎರೆದು, ಹೂ ಮುಡಿಸಿ, ಹಸಿರು ಇಳಕಲ್ ಸೀರೆ ಉಡಿಸಿದ್ದಳು. ಆಗಲೇ ಫೋನ್ ಬಂತು. ಕಳಾ ಯೇತಾಯತ ಕಾ?

"ಹೋ! ಹೋ! ಲೈ ಕಳಾ!" ಎಂದು ಅವ್ವ ಹೆಮ್ಮೆಯಿಂದ ಕೂಗಿದಳು. ಹೌದು, ಬಹಳ ಕಳಾ.

ನರ್ಸಬಾಯಿಯ ದನಿ ಬದಲಾಯಿತು. "ಕಿತೀ ವೇಳಾನೇ?" ಎಷ್ಟು ಹೊತ್ತಿಗೊಮ್ಮೆ ಎಂದು ಅದರ ಅರ್ಥ. ‘ವೇಳ’ ಎಂಬುದು ಅವ್ವನಿಗೆ ತಿಳಿಯಿತು.

"ಸಗಳಾ ವೇಳ!" ಎಂದಳು. ಎಲ್ಲ ಹೊತ್ತೂ.

ಫೋನ್ ಕಟ್ಟಾಯಿತು. ಅರ್ಧ ತಾಸಿನಲ್ಲಿ ಸೈರನ್ ಹೊಡೆಯುತ್ತಾ ಆಂಬುಲೆನ್ಸು ಬಂದು ಬಾಗಿಲಿಗೆ ನಿಂತಿತು. ಇಬ್ಬರು ಸ್ಟ್ರೆಚರ್ ಹಿಡಿದು ಒಳಗೆ ನುಗ್ಗಿ, ಪೇಶಂಟು ಎಲ್ಲಿ ಎಂದರು. ನಾನು ಪುಂಡಿಪಲ್ಲೆ ರೊಟ್ಟಿ ತಿನ್ನುತ್ತಾ ಕೂತಿದ್ದೆ. ನಾನೇ ಎಂದು ಕೈಯೆತ್ತಿದೆ, ಕೈಯಲ್ಲಿ ಉಳ್ಳಾಗಡ್ಡಿಯಿತ್ತು. ಓಣಿಗೆ ಓಣಿಯೇ ನೆರೆಯಿತು. ಮಾವ ಗಾಬರಿಯಾಗಿ ನನ್ನ ಹಣೆಗೆ ಹಚ್ಚಬೇಕಾದ ವಿಭೂತಿಯನ್ನು ಆಂಬುಲೆನ್ಸಿನ ಕನ್ನಡಿಗೆ ಹಚ್ಚಿದರು. ಅವ್ವ ಮಾತ್ರ ಆರಾಮವಾಗಿ ಗಾಡಿ ಹತ್ತಿ, "ಕಳಾ ಬಂದೈತಿ ಅಂದಿದ್ದಕ್ಕ ನೋಡಾಕ ಗಾಡಿನೇ ಕಳಿಸ್ಯಾರ. ಇಂಥಾ ಸರ್ಕಾರ ನಮ್ಮ ಕಡೆ ಇಲ್ಲಬಿಡು" ಎಂದಳು.

ಆರೋಗ್ಯ ಕೇಂದ್ರದಲ್ಲಿ ನರ್ಸಬಾಯಿ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಅರ್ಧ ತಾಸು ಕಾದರು. ಹೊಟ್ಟೆ ಹೂವಿನಂತೆ ಮೆತ್ತಗಿತ್ತು. ಇಷ್ಟೊಂದು ಕಳಾ ಬರುತ್ತಿದ್ದವಲ್ಲ, ಎಲ್ಲಿ ಹೋದವು ಎಂದು ಅವರು ಮರಾಠಿಯಲ್ಲಿ ಕೇಳಿದರು. ಅವ್ವ ನನ್ನ ಮುಖ ನೋಡಿದಳು.

"ಬಿಸಲಾಗ ಬಂದೀವಲ್ರೀ ಬಾಯಾರ, ಬೆವತು ಹೋಗೈತಿ. ಮನಿಗೆ ಹೋಗಿ ಮಾರಿ ತೊಳದ್ರ ಮತ್ತ ಬರತೈತಿ."

ನರ್ಸಬಾಯಿಗೆ ಇದು ತಿಳಿಯಲಿಲ್ಲ. ಅವರು ಪಾಪ, ಸಿಟ್ಟಾಗದೆ ನನ್ನ ಬೆನ್ನು ತಟ್ಟಿ, "ಹೋತಂ ಅಸಂ. ಖೋಟ್ಯಾ ಕಳಾ ಹೋತ್ಯಾ" ಎಂದರು. ಹೀಗಾಗುವುದುಂಟು, ಇವು ಸುಳ್ಳು ಬ್ಯಾನಿ ಎಂಬುದು ಅವರ ಮಾತು. ಮೊದಲ ಹೆರಿಗೆಯಲ್ಲಿ ಹಾಗೆ ಆಗುವುದೂ ನಿಜವೇ. ಆದರೆ ಖೋಟಾ ಎಂಬ ಶಬ್ದ ಎರಡೂ ಭಾಷೆಯಲ್ಲಿ ಒಂದೇ. ಅವ್ವ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಸಿಡಿದಳು.

"ಖೋಟಾ ಕಳಾ ಅಂತ! ನನ್ನ ಮಗಳ ಮಾರಿ ಕಳಾಕ್ಕ ಖೋಟಾ ಅಂತಾಳ! ಏನು, ಪೌಡರ ಬಡಕೊಂಡಾಳ ಅಂತ ತಿಳದಾಳೇನು? ಹುಟ್ಟಿದಾಗಿಂದ ನೋಡಾಕತ್ತೀನಿ ನಾ ಈ ಮಾರಿ!"

ಪಡಸಾಲೆಯಲ್ಲಿ ಮಾವನ ಕೈಯಲ್ಲಿದ್ದ ಚಹಾದ ಬಸಿ ಟಣ್ ಎಂದಿತು. ಅವರಿಗೆ ಎಲ್ಲವೂ ಗೊತ್ತಾಗಿದ್ದು ಆಗ. ಸ್ಪೀಕರಿನ ಮಾತನ್ನು ಅವರು ದಿನವೂ ಕೇಳಿಸಿಕೊಂಡಿದ್ದರು. ಮರಾಠಿಯ ಕಳಾ ಏನು, ಕನ್ನಡದ ಕಳಾ ಏನು ಎಂಬುದು ಹಗಲು ಮನೆಯಲ್ಲಿರುವವರಲ್ಲಿ ಅವರೊಬ್ಬರಿಗೇ ತಿಳಿದಿತ್ತು. ಆದರೆ ಹೇಳುವುದು ಹೇಗೆ? ಬೀಗತಿಯ ಹತ್ತಿರ ಮಾತೇ ಇಲ್ಲ, ಸೊಸೆಯ ಮುಂದೆ ಅಂಥ ಶಬ್ದ ತೆಗೆಯುವಂತಿಲ್ಲ, ಮಗನಿಗೆ ಹೇಳಲೂ ನಾಚಿಕೆ. ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಎರಡು ದಿನ ಒದ್ದಾಡಿ ಮೂರನೆಯ ದಿನ ನನ್ನನ್ನು ಕರೆದು, ಕಂಬ ನೋಡುತ್ತಾ ಹೇಳಿದರು:

"ಯವ್ವಾ, ಶಬ್ದ ಒಂದೇ ಇರ್ತದ. ಅರ್ಥ ಎರಡು ಇರ್ತಾವ. ಒಂದು ಹೊರಗಿಂದು, ಒಂದು ಒಳಗಿಂದು. ಹೊರಗಿಂದು ಹಿಡಕೊಂಡು ಕೂತ್ರ ಒಳಗಿಂದು ಹೋಗ್ತದ. ತಿಳೀತಿಲ್ಲೋ?"

"ತಿಳೀತ್ರೀ ಮಾವಾರ" ಎಂದು ನಾನು ಕೈಮುಗಿದೆ. ಹೆರಿಗೆ ಹತ್ತಿರ ಬಂತಲ್ಲ, ಆತ್ಮದ ವಿಷಯ ಹೇಳುತ್ತಿದ್ದಾರೆ ಎಂದುಕೊಂಡೆ. ಅವರು ದೊಡ್ಡ ಭಾರ ಇಳಿದವರ ಹಾಗೆ ಎದ್ದು ಪೂಜೆಗೆ ಹೋದರು.

ಆಂಬುಲೆನ್ಸು ಬಂದು ಹೋದ ಮೇಲೆ ಓಣಿಯ ಹೆಂಗಸರಿಗೆ ನಾನು ಸುಗ್ಗಿಯಾಗಿದ್ದೆ. ನೀರಿಗೆ ನಿಂತರೆ, "ಆಜ ಗಾಡೀ ಯೇಣಾರ ಕಾ?" ಇವತ್ತು ಗಾಡಿ ಬರುತ್ತದಾ ಎಂದು ಕೇಳುವರು. ಅದಕ್ಕೇ ನಾನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ: ಪ್ರಾಣ ಹೋದರೂ ಚಿಂತೆಯಿಲ್ಲ, ಪೂರಾ ಖಾತ್ರಿಯಾಗುವ ತನಕ ಬಾಯಿ ಬಿಡುವುದಿಲ್ಲ. ಫೋನ್ ಶುರುವಾದ ಒಂಬತ್ತನೆಯ ದಿನ ಬೆಳಿಗ್ಗೆ ಬೆನ್ನು ಸೆಳೆಯತೊಡಗಿದಾಗ ರಾತ್ರಿಯ ಅವರೆಕಾಳು ಎಂದುಕೊಂಡೆ. ನಾಷ್ಟಾ ಮಾಡಿದೆ, ಬಟ್ಟೆ ಮಡಚಿದೆ. ಸೆಳೆತ ಬಂದಾಗ ಕಂಬ ಹಿಡಿದು ನಿಲ್ಲುತ್ತಿದ್ದೆ, ಹೋದಾಗ ನಗುತ್ತಿದ್ದೆ. ಅವ್ವ ತನ್ನ ಅತ್ತೆಮನೆಯಲ್ಲಿ ಮಾಡಿದ್ದನ್ನೇ ನಾನೂ ಮಾಡುತ್ತಿದ್ದೇನೆ ಎಂಬುದು ಹೊಳೆಯಲೇ ಇಲ್ಲ. ಕೆಟ್ಟ ಹಟ, ಮತ್ತೇನು.

ಮಧ್ಯಾಹ್ನ ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಅವಳು ಸುಮ್ಮನೆ ತಲೆಯೆತ್ತಿ ನನ್ನನ್ನು ನೋಡಿದಳು. ಕೈಯಲ್ಲಿದ್ದ ಹಿಟ್ಟು ಹಾಗೇ ಬಿತ್ತು.

"ಯವ್ವಾ! ನಿನ್ನ ಮಾರಿ!"

ಹಿಟ್ಟಿನ ಕೈಯಲ್ಲೇ ಫೋನ್ ಒತ್ತಿದಳು. ಆ ಕಡೆಯಿಂದ ನರ್ಸಬಾಯಿ ಎತ್ತಿದರು.

"ಬಾಯಾರ! ಕಳಾ ನಾಹೀ! ಕಳಾ ನಾಹೀ!"

"ನಾಹೀತ ನಾ? ಮಗ ಕಾಳಜೀ ಕರೂ ನಕಾ. ಆರಾಮ ಕರೂ ದ್ಯಾ." ಇಲ್ಲವಲ್ಲ, ಹಾಗಾದರೆ ಚಿಂತೆ ಬೇಡ, ಆರಾಮ ಮಾಡಲಿ.

ಫೋನ್ ಕಟ್ಟಾಯಿತು. ಅವ್ವ ದಿಕ್ಕುತಪ್ಪಿದವಳಂತೆ ನಿಂತಳು. "ಆರಾಮ ಅಂತಾಳವಾ! ಕಳಾ ಇಲ್ಲ ಅಂದ್ರ ಆರಾಮ ಅಂತಾಳ!" ಮತ್ತೆ ಹಚ್ಚಿದಳು. "ಕಾಹೀ ನಾಹೀ! ಕಳಾ ಕಾಹೀ ನಾಹೀ! ಸಗಳಾ ಕಳಾ ನಾಹೀ!" ಏನೂ ಇಲ್ಲ, ಪೂರಾ ಇಲ್ಲ. ಒಂದೊಂದು ಶಬ್ದದಿಂದಲೂ ಅವಳು ನರ್ಸಬಾಯಿಯನ್ನು ಮತ್ತಷ್ಟು ಆರಾಮಗೊಳಿಸುತ್ತಿದ್ದಳು. ಆ ಕಡೆಯಿಂದ ನಗು ಕೇಳಿತು. ನಾಳೆ ಬನ್ನಿ ನೋಡೋಣ ಎಂದು ಅವರು ಹೇಳುತ್ತಿದ್ದರು.

ನಾನು ಫೋನಿಗೆ ಕೂಗಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕಾಲಲ್ಲಿ ನೀರು ಬಳಬಳನೆ ಇಳಿಯಿತು. "ಅವ್ವಾ, ಬ್ಯಾನೀ!" ಎಂದು ಚೀರಿದೆ. ನೋವಿಗೆ ಮರಾಠಿಯಲ್ಲಿ ಏನನ್ನುತ್ತಾರೆ ಎಂಬುದು ಆ ಹೊತ್ತಿಗೆ ನೆನಪಿಗೆ ಬರಲಿಲ್ಲ. ಬದನೆಕಾಯಿಗೆ ಏನನ್ನುತ್ತಾರೆ ಎಂಬುದು ಮಾತ್ರ ಬಂತು. ಅವ್ವ ಫೋನಿನ ಮುಂದೆ ಕುಸಿದು ಕೂತು ಅಳತೊಡಗಿದಳು. "ಮಾರಿ ನೋಡೀನವಾ ನಾ! ಈ ಸಲ ನೋಡೀನಿ! ಯಾರೂ ಕೇಳವಲ್ಲರಲ್ಲ!"

ಆಗ ಮಾವ ಒಳಗೆ ಬಂದರು. ಹೆಂಗಸರಿರುವ ಅಡಿಗೆಮನೆಯ ಹೊಸ್ತಿಲನ್ನು ಅವರು ದಾಟಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅವ್ವ ಅಷ್ಟು ಅಳುವಿನಲ್ಲೂ ಸೆರಗು ತಲೆಗೆಳೆದು, ಗೂಡಿನತ್ತ ಬೆರಳು ಮಾಡಿದಳು. ಮಾವ ಎರಡು ಮಾರು ದೂರ ನಿಂತು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಪ್ರವಚನ ಹೇಳಿ ಪಳಗಿದ ಆ ದೊಡ್ಡ ಕಂಠದಲ್ಲಿ ಕೂಗಿದರು:

"ಬಾಯೀ! ಸುನೇಲಾ ಕಳಾ ಯೇತಾಯತ! ಖರ್‍ಯಾ ಕಳಾ! ಪಾಣೀ ಪಣ ಗೇಲಂ!"

ಸೊಸೆಗೆ ಬ್ಯಾನಿ ಬರುತ್ತಿವೆ, ನಿಜವಾದ ಬ್ಯಾನಿ, ನೀರೂ ಹೋಯಿತು. ನರ್ಸಬಾಯಿ ತಬ್ಬಿಬ್ಬಾಗಿ, ಈಗ ತಾನೇ ಇಲ್ಲ ಅಂದರಲ್ಲ ಎಂದರು.

"ತ್ಯಾ ಕಾನಡೀ ಕಳಾ! ಹ್ಯಾ ಮರಾಠೀ ಕಳಾ!" ಎಂದು ಮಾವ ಗುಡುಗಿದರು. ಅದು ಕನ್ನಡದ ಕಳಾ, ಇದು ಮರಾಠಿಯ ಕಳಾ! "ಲವಕರ ಯಾ!" ಬೇಗ ಬನ್ನಿ.

ಓಣಿಯ ನಾಯಿಗಳು ಬೊಗಳಿದವು. ಆ ಕೂಗು ಹನುಮಂತನ ಗುಡಿಯ ಕಟ್ಟೆಯ ತನಕ ಕೇಳಿಸಿತ್ತು ಎಂದು ಆಮೇಲೆ ಗೊತ್ತಾಯಿತು. ಅವ್ವ ಅಳು ನಿಲ್ಲಿಸಿ, ಬಾಯಿ ತೆರೆದು, ಒಮ್ಮೆ ಫೋನನ್ನೂ ಒಮ್ಮೆ ಮಾವನನ್ನೂ ನೋಡಿದಳು. ಮಾವ ಕಣ್ಣು ತೆರೆಯದೆಯೇ ಹಿಂದಿರುಗಿ, ಬಾಗಿಲಿಗೆ ಹಣೆ ಬಡಿಸಿಕೊಂಡು, ಪಡಸಾಲೆಗೆ ಹೋದರು.

ಈ ಸಲ ಗಾಡಿಯಲ್ಲಿ ನರ್ಸಬಾಯಿಯೂ ಬಂದಿದ್ದರು. ಆರೋಗ್ಯ ಕೇಂದ್ರ ಮುಟ್ಟಿದ ಮೇಲೆ ಅವರು ನನ್ನನ್ನು ಮಂಚಕ್ಕೆ ಕಟ್ಟಿಹಾಕಲಿಲ್ಲ. ಓಡಾಡಿಸಿದರು, ನೀರು ಕುಡಿಸಿದರು, ಗೋಡೆಗೆ ಕೈಯೂರಿ ನಿಲ್ಲಿಸಿ ಸೊಂಟ ಒತ್ತುವುದು ಹೇಗೆಂದು ಅವ್ವನಿಗೆ ತೋರಿಸಿಕೊಟ್ಟರು. ನಾನು ಬೈದೆ. ಗಂಡನನ್ನು ಬೈದೆ, ಅವರೆಕಾಳನ್ನು ಬೈದೆ, ಬಸ್‌ಸ್ಟ್ಯಾಂಡಿನ ಪಪ್ಪಾಯಿ ಹೆಂಗಸನ್ನೂ ಬೈದೆ. ನರ್ಸಬಾಯಿ ಎಲ್ಲದಕ್ಕೂ "ಹೋ ತಾಯೀ, ಹೋ" ಅನ್ನುತ್ತಿದ್ದರು. ಪ್ರತಿ ಸಲ ನೋವು ಏರಿದಾಗ, "ಆಲೀ ಕಳ?" ಬ್ಯಾನಿ ಬಂತಾ ಎಂದು ಕೇಳುವರು. ಅವ್ವ ನನ್ನ ಮುಖ ನೋಡಿ, ನನಗಿಂತ ಮೊದಲೇ, "ಆಲೀ! ಆಲೀ!" ಎನ್ನುವಳು. ಒಂದು ಸಲವೂ ತಪ್ಪಲಿಲ್ಲ. ಮುಖ ನೋಡುವ ಅವಳ ವಿದ್ಯೆ ಸುಳ್ಳಾಗಿರಲಿಲ್ಲ, ಶಬ್ದವಷ್ಟೇ ಕೈಕೊಟ್ಟಿತ್ತು.

ಎರಡು ನೋವುಗಳ ನಡುವೆ ನಾನು ನನ್ನ ಮುಖ ಸವರಿ ತೋರಿಸಿ, "ಕಾನಡೀ ಕಳಾ" ಎಂದೆ. ನರ್ಸಬಾಯಿ ನನ್ನ ಮುಖವನ್ನೇ ನೋಡಿದರು. ಆಮೇಲೆ ‘ಲೈ ಕಳಾ’, ‘ಸಗಳಾ ವೇಳ’ ಎಲ್ಲವೂ ಒಟ್ಟಿಗೆ ನೆನಪಾಗಿರಬೇಕು, ಗೋಡೆ ಹಿಡಿದು ನಗತೊಡಗಿದರು. ನಾನೂ ನಕ್ಕೆ. ಹೆರುವಾಗ ನಗಬಾರದು ಎಂದು ಯಾರೂ ಹೇಳಿರಲಿಲ್ಲ, ಅದೊಂದೇ ಊರಿನ ಡಾಕ್ಟರುಗಳು ಮರೆತ ಮಾತು.

ಕೂಸು ಬರುವಾಗ ನಗು ನಿಂತಿತು. ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡಿತ್ತು. ನರ್ಸಬಾಯಿ ಬೆರಳು ತೂರಿಸಿ ಬಿಡಿಸಿದರು. ಕೂಸು ನೀಲಿಗಟ್ಟಿತ್ತು, ಅಳಲಿಲ್ಲ. ಅವ್ವ ನನ್ನ ಭುಜಕ್ಕೆ ಉಗುರು ಚುಚ್ಚಿ ಹಿಡಿದಿದ್ದಳು. ಅವಳೂ ಉಸಿರಾಡುತ್ತಿರಲಿಲ್ಲ. ನರ್ಸಬಾಯಿ ಬಿಸಿ ಬಟ್ಟೆಯಲ್ಲಿ ಕೂಸಿನ ಬೆನ್ನನ್ನು ತಿಕ್ಕಿದರು, ಅಂಗಾಲು ತಟ್ಟಿದರು, ಮತ್ತೆ ತಿಕ್ಕಿದರು. ನನ್ನ ಜೀವಮಾನದಲ್ಲಿ ಅಷ್ಟು ಹೆದರಿಕೆ ನನಗೆ ಮತ್ತೆಂದೂ ಆಗಿಲ್ಲ. ಆಮೇಲೆ ಕೂಸು ಒಮ್ಮೆ ಕೆಮ್ಮಿ, ಮುಖ ಕಿವುಚಿ, ಅಜ್ಜನ ಕಂಠದಲ್ಲಿ ಕಿರುಚಿತು. ಹೆಣ್ಣು. ಅವಳನ್ನು ಹಾಗೇ ನನ್ನ ಬರಿಯ ಎದೆಯ ಮೇಲೆ ಮಲಗಿಸಿ ನರ್ಸಬಾಯಿ ಹಣೆಯ ಬೆವರು ಒರೆಸಿಕೊಂಡರು. "ಅರ್ಧಾ ತಾಸ ಉಶೀರ ಝಾಲಾ ಅಸತಾ ತರ..." ಎಂದರು. ಅರ್ಧ ತಾಸು ತಡವಾಗಿದ್ದರೆ. ಈ ಮಾತನ್ನು ಯಾರೂ ಅವ್ವನಿಗೆ ತಿಳಿಸಿ ಹೇಳಬೇಕಾಗಲಿಲ್ಲ. ಅವಳು ನರ್ಸಬಾಯಿಯ ಎರಡೂ ಕೈ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು.

ಸಂಜೆಗೆ ಉದಗೀರದ ಬಸ್ಸಿಳಿದು ಗಂಡ ಓಡಿ ಬಂದಾಗ ಮಾವ ಹೊರಗಿನ ಬೆಂಚಿನ ಮೇಲೆ ಹಣೆಯ ಬುಗುಟೆ ಸವರಿಕೊಳ್ಳುತ್ತಾ ಕೂತಿದ್ದರಂತೆ. "ಏನಾಯ್ತು ಅಪ್ಪಾ?" ಎಂದು ಕೇಳಿದ್ದಕ್ಕೆ, "ಆ ಕಾರ್ಯ ಆಯ್ತು" ಎಂದರಂತೆ. ಆಮೇಲೆ ಹನ್ನೆರಡು ದಿನ ಅವರು ಓಣಿಯಲ್ಲಿ ತಲೆ ತಗ್ಗಿಸಿಯೇ ನಡೆದರು. ಗುಡಿಯ ಕಟ್ಟೆಯ ಮುದುಕರು, "ಅಯ್ಯನೋರ, ಎರಡೂ ಭಾಷಾ ಭಾಳ ಛಲೋ ಬರ್ತಾವ ನೋಡ್ರಿ ನಿಮಗ" ಎಂದು ಕಾಡಿದ್ದೂ ಉಂಟು.

ಹದಿಮೂರನೆಯ ದಿನ ತೊಟ್ಟಿಲು ಹಾಕಿದೆವು. ಸಾಸ್ತೂರಿನಿಂದ ಅತ್ತೆಯೂ ಬಂದರು. ಉಂಡಿ ಹೆರುವ ಮೊದಲೇ ಕಟ್ಟಿದ್ದಕ್ಕೆ ಮುಖ ಗಂಟಿಕ್ಕಿ, ಆರು ಉಂಡಿ ತಿಂದರು. ನರ್ಸಬಾಯಿಯನ್ನು ಕರೆದು ಎಲ್ಲರಿಗಿಂತ ಮೊದಲು ಊಟಕ್ಕೆ ಕೂರಿಸಿದ್ದೆವು. ಮಾವ ಮೊಮ್ಮಗಳಿಗೆ ಲಿಂಗ ಕಟ್ಟಿದರು, ವಿಭೂತಿ ಹಚ್ಚಿದರು. ಕೈ ತೊಟ್ಟಿಲ ಮೇಲೆ ಹಾಗೇ ಉಳಿಯಿತು. ಆಮೇಲೆ ತಲೆಯೆತ್ತಿ, ಗೋಡೆಗಲ್ಲ, ಕಂಬಕ್ಕಲ್ಲ, ನೇರ ಅವ್ವನಿಗೇ ಹೇಳಿದರು:

"ಬೀಗತೇರ, ನೀವು ಮಾರಿ ನೋಡ್ತಿದ್ರಿ. ನಾ ಎಲ್ಲಾ ತಿಳಿದೂ ನಾಚಿಕಿ ಹಿಡಕೊಂಡು ಕೂತಿದ್ದೆ. ಅರ್ಧಾ ತಾಸು ತಡಾ ಆಗಿದ್ರ ಆ ಪಾಪ ನಂದೇ ಆಗ್ತಿತ್ತು. ತಪ್ಪಾಯ್ತು."

ಅವ್ವ ಸೆರಗು ತಲೆಗೆ ಎಳೆದುಕೊಳ್ಳಲು ಹೋಗಿ, ಕೈ ಅರ್ಧಕ್ಕೇ ಬಿಟ್ಟಳು. ಅವಳ ಕಣ್ಣು ತುಂಬಿತ್ತು.

"ಅಯ್ಯ, ಬಿಡ್ರೀ ಬೀಗರ" ಎಂದಳು, ಅವಳೂ ನೇರವಾಗಿಯೇ. "ಆವತ್ತ ನಮ್ಮ ಮನ್ಯಾಗ ಒಬ್ರರ ನಿಮ್ಮಂಗ ಒದರಿದ್ರ ನನ್ನ ಮಗಾ ಉಳೀತಿದ್ದ. ಇಲ್ಲಿ ನೋಡ್ರಿ ನಿಮ್ಮ ಮೊಮ್ಮಗಳ ಮಾರೀನ. ಎಷ್ಟ ಕಳಾ ಬಂದೈತಿ! ಲೈ ಕಳಾ!"

ಊಟದ ಪಂಕ್ತಿಯಲ್ಲಿ ನರ್ಸಬಾಯಿ ತುತ್ತು ಎಲೆಯ ಮೇಲೆ ಬಿಟ್ಟು ಧಡಕ್ಕನೆ ಎದ್ದು ನಿಂತರು.

"ಕಳಾ? ಕುಣಾಲಾ?" ಯಾರಿಗೆ ಎನ್ನುತ್ತಾ ಆಗಲೇ ಸೀರೆಯ ನಿರಿಗೆ ಎತ್ತಿ ಕಟ್ಟುತ್ತಿದ್ದರು.

ಮಾವ ಊರೆಲ್ಲ ಕೂತಿದ್ದ ಆ ಅಂಗಳದಲ್ಲಿ, ಎಲ್ಲರಿಗೂ ಕೇಳಿಸುವಂತೆ, ಒಂದಿಷ್ಟೂ ನಾಚದೆ, ಅವರಿಗೆ ಕೂರಲು ಕೈಮಾಡುತ್ತಾ ಹೇಳಿದರು: "ಬಸಾ ಬಾಯೀ, ಬಸಾ. ಕಾನಡೀ ಕಳಾ."